ವಿಮಲಳ ಚಾರ್ಜರ್

ನಮ್ಮ ಗ್ಯಾರೇಜಿನ ಎಡಗೋಡೆಯಲ್ಲಿ, ನನ್ನ ಮೊಣಕೈ ಎತ್ತರಕ್ಕೆ, ಒಂದು ಕಬ್ಬಿಣದ ಕೊಕ್ಕೆ ಇದೆ. ಸೈಕಲ್ಲನ್ನೇ ತೂಗುಹಾಕಬಹುದಾದಷ್ಟು ದಪ್ಪನೆಯದು. ಅದರ ಕೆಳಗೆ ನನ್ನ ಗುಂಡು ಅಕ್ಷರದಲ್ಲಿ ‘ಚಾರ್ಜರ್ – ವಿಮಲ’ ಎಂದು ಬರೆದ ಚೀಟಿ. ಮನೆಗೆ ಬಂದವರು ಅದನ್ನು ಓದಿ, ಕೊಕ್ಕೆಯನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ವಿಮಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಹೋಗಿ ಬರುವಷ್ಟರಲ್ಲಿ ಅವಳು ಕಥೆ ಹೇಳಿ ಮುಗಿಸಿರುತ್ತಾಳೆ, ಪ್ರತಿ ಸಲ ಒಂದಿಷ್ಟು ಹೊಸ ಒಗ್ಗರಣೆ ಹಾಕಿ. ಅದಕ್ಕೇ ನಿಮಗಾದರೂ ನಾನೇ ಮುಂಚೆ ಹೇಳಿಬಿಡುವುದು ಕ್ಷೇಮ.

ನಾನು ಅಚ್ಚುಕಟ್ಟಿನ ಮನುಷ್ಯ. ಇದು ಹೊಗಳಿಕೆಯಲ್ಲ, ನಮ್ಮ ಮನೆಯಲ್ಲಿ ಇದು ದೂರು. ಮಂಡ್ಯದ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುವುದು ಕಲಿತೆ. ಆಮೇಲೆ ಅಮೆರಿಕದ ಈ ಕಣಿವೆಗೆ ಬಂದು ಚಿಪ್ ಮಾಡುವ ಕಾರ್ಖಾನೆಯ ಕ್ಲೀನ್ ರೂಮಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟು, ಒಂದು ಕೂದಲೆಳೆ ಉದುರಿಸದಂತೆ ನಡೆಯಬೇಕು. ಹಾಸ್ಟೆಲು ಅರ್ಧ ಬೇಯಿಸಿದ್ದನ್ನು ಕ್ಲೀನ್ ರೂಮು ಪೂರ್ತಿ ಬೇಯಿಸಿತು. ರಿಟೈರಾದ ಮೇಲೆ ನನ್ನ ಆಡಳಿತಕ್ಕೆ ಉಳಿದದ್ದು ಎವರ್‌ಗ್ರೀನ್ ಬಡಾವಣೆಯ ಈ ಮನೆಯ ಗ್ಯಾರೇಜು ಮಾತ್ರ. ಅಲ್ಲಿ ಸುತ್ತಿಗೆ, ಇಕ್ಕಳ, ಗರಗಸ ಎಲ್ಲವೂ ಹಲಗೆಯ ಮೇಲೆ ತಂತಮ್ಮ ಆಕಾರದ ಗೆರೆಯೊಳಗೆ ತೂಗುತ್ತವೆ. ಹಿಂದಿನ ಗೋಡೆಯುದ್ದಕ್ಕೂ ನಾನೇ ಕಟ್ಟಿದ ಮರದ ಶೆಲ್ಫು. ಅದರ ತುಂಬ ಡಬ್ಬಗಳು, ಡಬ್ಬಗಳ ಮೇಲೆ ಕನ್ನಡದಲ್ಲಿ ಚೀಟಿ: ‘ದೀಪದ ಸರ’, ‘ಗೊಂಬೆ ಹಬ್ಬ’, ‘ಹಳೆ ಫೋನಿನ ವೈರು’, ‘ಬೇಕಾಗಬಹುದು’, ‘ಬೇಕಾಗಬಹುದು – ಇನ್ನಷ್ಟು’. ಮಗಳು ಮಾಲಿನಿ ಸ್ಯಾನ್ ಮಟಿಯೋದಿಂದ ಬಂದಾಗಲೆಲ್ಲ ಈ ಕೊನೆಯ ಎರಡು ಡಬ್ಬಗಳನ್ನು ಮೊಮ್ಮಗಳಿಗೆ ತೋರಿಸಿ, ‘ನಿಮ್ಮಜ್ಜನ ಆತ್ಮಚರಿತ್ರೆ, ಎರಡು ಸಂಪುಟ’ ಎನ್ನುತ್ತಾಳೆ.

ಇನ್ನೊಂದು ಮಾತು. ನಾನು ಯಾರಿಗೂ ಕಾಯುವವನಲ್ಲ. ಬೆಳಿಗ್ಗೆ ಆರಕ್ಕೆ ವಾಕಿಂಗು ಅಂದರೆ ಆರಕ್ಕೆ ಗೇಟು ದಾಟಿರುತ್ತೇನೆ. ವಿಮಲ ಶೂ ಲೇಸು ಕಟ್ಟುತ್ತಿದ್ದರೆ ಬೀದಿಯ ತಿರುವಿನಲ್ಲಿ ಬಂದು ಸೇರಿಕೊಳ್ಳುತ್ತಾಳೆ. ನಮ್ಮ ದಾಂಪತ್ಯದ ಬಹುಪಾಲು ಸಂಭಾಷಣೆ ಆ ತಿರುವಿನಿಂದಾಚೆಗೇ ನಡೆದಿದೆ.

ಒಂದು ದಿನ ಆ ತಿರುವು ದಾಟಿದ ಮೇಲೆ ಅವಳು ಹೇಳಿದಳು, “ರೀ, ನಂಗೊಂದು ಚಾರ್ಜರ್ ಬೇಕು.”

ನಮ್ಮ ಮನೆಯಲ್ಲಿ ಬ್ಯಾಟರಿ ಕಾರು ಬಂದು ವರ್ಷಗಳಾಗಿವೆ. ಗ್ಯಾರೇಜಿನ ಬಲಗೋಡೆಯಲ್ಲಿ ಅದರ ಚಾರ್ಜರು. ರಾತ್ರಿ ಊಟವಾದ ಮೇಲೆ ವೈರು ಎಳೆದು ಕಾರಿಗೆ ಸಿಕ್ಕಿಸುವುದು ನನ್ನ ಪಾಳಿ. ಹಾಲಿಗೆ ಹೆಪ್ಪು ಹಾಕುವುದು ಅವಳ ಪಾಳಿ. ಎರಡೂ ಬೆಳಗಾಗುವಷ್ಟರಲ್ಲಿ ತಯಾರು.

“ಇರೋದಕ್ಕೇನಾಗಿದೆ?” ಅಂದೆ.

“ಇರೋದು ನಿಮ್ದು. ನಂಗೆ ನಂದೇ ಒಂದು ಬೇಕು.”

“ಸರಿ, ತಗೊ. ಎಷ್ಟುದ್ದದ್ದು ಬೇಕು?” ವೈರಿನ ಮಾತು ನನ್ನದು.

“ಉದ್ದ ಇದ್ದಷ್ಟೂ ಚೆಂದ.”

“ಹೊಸದೇ ತಗೊ.”

“ಹೊಸದರಲ್ಲಿ ಏನಿದೆ ರೀ? ಹಳೇದೇ ಗತ್ತು. ಲಾಸ್ ಗ್ಯಾಟೋಸ್‌ನಲ್ಲಿ ಒಬ್ರ ಹತ್ರ ಇದೆ. ನೋಡ್ಕೊಂಡೂ ಬಂದೆ.”

ಹೆಂಡತಿಗೆ ಇಷ್ಟು ಮಿತವ್ಯಯದ ಬುದ್ಧಿ ಬಂದದ್ದು ನೋಡಿ ನನಗೆ ಹೆಮ್ಮೆಯೇ ಆಯಿತು. “ಯಾವ ಗೋಡೆಗೆ ಹಾಕೋಣ?” ಎಂದು ಕೇಳಿದೆ.

ಅವಳು ನಡೆಯುತ್ತಿದ್ದವಳು ನಿಂತಳು. “ಗೋಡೆಗೆ ತಾಗಲೇಬಾರದು. ಅದನ್ನ ಹುಷಾರಾಗಿ ನೋಡ್ಕೋಬೇಕು.”

ಬೆಂಕಿಯ ಭಯವಿರಬೇಕು ಅಂದುಕೊಂಡೆ. ಹಳೆಯ ಚಾರ್ಜರಿನ ವೈರು ದಪ್ಪವಿರುತ್ತದೆ, ಗೋಡೆಗೆ ತಾಗದಂತೆ ನೇತುಹಾಕಲು ಗಟ್ಟಿ ಕೊಕ್ಕೆಯೇ ಬೇಕು. ಅಂದೇ ಹೋಗಿ ತಂದೆ. ಅವಳಿಗೆ ಬಗ್ಗುವ ಕಷ್ಟ ಬೇಡವೆಂದು ಮೊಣಕೈ ಎತ್ತರಕ್ಕೆ ಹಾಕಿದೆ. ಚೀಟಿ ಬರೆದು ಅಂಟಿಸಿದೆ. ಅವಳು ಬಂದು ನೋಡಿ, “ಕೀ ಹಾಕೋದಕ್ಕೆ ಇಷ್ಟು ದೊಡ್ಡದಾ?” ಎಂದಳು. ಚಾರ್ಜರಿಗೂ ಈಗ ಬೀಗ ಬಂದಿದೆಯೇನೋ, ಕಾಲ ಕೆಟ್ಟಿದೆ ಅಂದುಕೊಂಡು ಸುಮ್ಮನಾದೆ. ಇದೆಲ್ಲ ನಡೆದದ್ದು ಹೀಗೆಯೇ. ಅವಳು ಹೇಳುವಂತೆ ನಾನು ಕೊಕ್ಕೆಗೆ ಅರಿಶಿನ ಕುಂಕುಮ ಹಚ್ಚಿದ್ದು ಸುಳ್ಳು.

ಶನಿವಾರ ನಮ್ಮ ಮನೆಯ ಮುಂದೆ ಒಂದು ಉದ್ದನೆಯ ಟ್ರಕ್ಕು ಬಂದು ನಿಂತಿತು. ಅದರ ಬೆನ್ನ ಮೇಲೆ ಕಡುಹಸಿರು ಬಣ್ಣದ ಎರಡು ಬಾಗಿಲಿನ ಹಳೆಯ ಕಾರು. ಎಷ್ಟು ಅಗಲ, ಎಷ್ಟು ಉದ್ದ ಎಂದರೆ ನಮ್ಮ ಬೀದಿಯೇ ಸಣ್ಣದಾದಂತೆ ಕಂಡಿತು.

“ವಿಮಲಾ, ಯಾರೋ ಅಡ್ರೆಸ್ ತಪ್ಪಿ ಬಂದಿದಾರೆ.”

“ತಪ್ಪಿಲ್ಲ. ಚಾರ್ಜರ್ ಬಂತು.”

“ಎಲ್ಲಿ?”

“ಎದುರಿಗಿದೆಯಲ್ರೀ.”

ನಾನು ಟ್ರಕ್ಕಿನ ಡ್ರೈವರನ ಕೈ ನೋಡಿದೆ. ಪೊಟ್ಟಣವೇನೂ ಇರಲಿಲ್ಲ. ಪಕ್ಕದ ಸೀಟಿನಿಂದ ಇಳಿದ ಬಿಳಿ ಗಡ್ಡದ ಮುದುಕನ ಕೈ ನೋಡಿದೆ. ಅವನು ಆ ಕೈಯನ್ನು ನನ್ನ ಕೈಗೆ ಕೊಟ್ಟು ಕುಲುಕಿ, “ನಿಮ್ಮ ಹೆಂಡತಿಗೆ ಒಳ್ಳೆ ಅಭಿರುಚಿ ಇದೆ ಸರ್” ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನು ಗ್ಲೆನ್, ಲಾಸ್ ಗ್ಯಾಟೋಸ್‌ನ ಆಸಾಮಿ. ಅಷ್ಟರಲ್ಲಿ ಟ್ರಕ್ಕಿನ ಹಲಗೆ ಕೆಳಗೆ ವಾಲಿತು. ಕಾರಿನ ಕೊರಳೊಳಗಿಂದ ಗುಡುಗಿನಂಥ ಸದ್ದು ಎದ್ದು, ಎದುರು ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಕಾರಿನ ಪಕ್ಕೆಯ ಮೇಲೆ ಬೆಳ್ಳಿಯ ಅಕ್ಷರದಲ್ಲಿ ಅದರ ಹೆಸರಿತ್ತು: ಚಾರ್ಜರ್. ಅರವತ್ತರ ದಶಕದ ಕೊನೆಯದು. ಚಾರ್ಜರ್ ಎಂದರೆ ಹಿಂದಿನ ಕಾಲದಲ್ಲಿ ಯುದ್ಧದ ಕುದುರೆಯಂತೆ. ವಿದ್ಯುತ್ತಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಕಾರು ಕೊಂಡದ್ದು ಅವಳ ಸ್ವಂತ ಉಳಿತಾಯದಲ್ಲಿ. ಎಷ್ಟು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹಳೆಯ ದಾಂಪತ್ಯಗಳು ಇಂಥ ಮೌನದ ಮೇಲೇ ನಿಂತಿರುತ್ತವೆ. ‘ಯಾಕೆ?’ ಎಂದು ಮಾತ್ರ ಕೇಳಿದೆ.

ಯಾಕೆ ಎಂಬುದಕ್ಕೆ ನಾವು ಮೊದಲು ಈ ದೇಶಕ್ಕೆ ಬಂದ ಕಾಲಕ್ಕೆ ಹೋಗಬೇಕು. ಆಗ ಸ್ಯಾನ್ ಮಟಿಯೋದಲ್ಲಿ ನಮ್ಮದೊಂದು ಪುಟ್ಟ ಅಪಾರ್ಟ್‌ಮೆಂಟು. ವಿಮಲಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನಸುಕಿನ ಪಾಳಿ. ಸೀರೆಯ ಮೇಲೆ ನನ್ನ ಕೋಟು ತೊಟ್ಟು, ಮಂಜಿನಲ್ಲಿ ಬಸ್ಸಿಗೆ ಕಾಯುವಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ರೋಸಾ ಎಂಬಾಕೆ ಒಂದು ದಿನ ಬಸ್ ಸ್ಟಾಪಿನ ಹತ್ತಿರ ಕಾರು ನಿಲ್ಲಿಸಿ ಹತ್ತಿಸಿಕೊಂಡಳು. ಅವಳದೂ ಇಂಥದೇ ಚಾರ್ಜರ್, ಇದೇ ಹಸಿರು. ಅಂದಿನಿಂದ ದಿನವೂ ಬಂದಳು. ಆ ಕಾರಿಗೆ ಹೆಡ್‌ಲೈಟು ಹೊರಗೆ ಕಾಣುವುದಿಲ್ಲ. ಮುಂಭಾಗವೆಲ್ಲ ಒಂದೇ ಕಪ್ಪು ಜಾಲರಿ. ದೀಪ ಹಾಕಿದರೆ ಜಾಲರಿಯ ಎರಡು ತುದಿಗಳು ರೆಪ್ಪೆಯಂತೆ ತೆರೆದುಕೊಂಡು ಒಳಗಿನಿಂದ ಕಣ್ಣು ಬಿಡುತ್ತದೆ. “ಮಂಜಲ್ಲಿ ಏನೂ ಕಾಣ್ತಿರಲಿಲ್ಲ ರೀ. ಆಮೇಲೆ ಅದು ಕಣ್ಣು ಬಿಡೋದು. ಇಡೀ ಅಮೆರಿಕದಲ್ಲಿ ನನ್ನ ನೋಡಿ ಕಣ್ಣು ಬಿಟ್ಟ ಮೊದಲನೇದು ಅದೇ” ಎಂದಳು ವಿಮಲ.

“ನಾನಿದ್ದೆನಲ್ಲ” ಅಂದೆ.

“ನೀವು ಮಲಗಿರ್ತಿದ್ರಿ.”

ಗ್ಲೆನ್ ಅಂದು ಕಾಫಿಗೆ ಕೂತವನು ಮಧ್ಯಾಹ್ನದ ಚಿತ್ರಾನ್ನ ಮುಗಿಸಿಯೇ ಎದ್ದ. ಈ ಜಾತಿಯ ಕಾರಿಗೆ ಅವರು ‘ಮಸಲ್ ಕಾರ್’ ಎನ್ನುತ್ತಾರೆ. ನಾನು ಮನಸ್ಸಿನಲ್ಲೇ ಅದಕ್ಕೆ ‘ಪೈಲ್ವಾನ್ ಕಾರು’ ಎಂದು ಹೆಸರಿಟ್ಟೆ, ಯಾಕೆಂದರೆ ಗ್ಲೆನ್ ಹೇಳಿದ ಚರಿತ್ರೆಯೆಲ್ಲ ನಮ್ಮ ಗರಡಿಮನೆಯ ಕಥೆಯ ಹಾಗೇ ಇತ್ತು. ಸಾಧಾರಣ ಮನೆಬಳಕೆಯ ಕಾರಿನ ಮೈಯೊಳಗೆ ಎಂಟು ಸಿಲಿಂಡರಿನ ದೈತ್ಯ ಇಂಜಿನ್ನು ಕೂರಿಸಿ, ಸಂಬಳಕ್ಕೆ ದುಡಿಯುವ ಹುಡುಗರಿಗೆ ಎಟುಕುವ ಬೆಲೆಗೆ ಮಾರಿದರಂತೆ. ತಿರುವಿನಲ್ಲಿ ನೆಟ್ಟಗೆ ತಿರುಗದು, ಬ್ರೇಕು ಹಿಡಿದರೆ ಯೋಚನೆ ಮಾಡಿ ನಿಲ್ಲುತ್ತದೆ. ಆದರೆ ನೇರ ರಸ್ತೆಯಲ್ಲಿ ಬಿಟ್ಟರೆ ಹಿಡಿಯುವವರಿಲ್ಲ. ಈ ಚಾರ್ಜರ್ ಮೊದಲು ಬಂದಾಗ ಅಷ್ಟಾಗಿ ಯಾರೂ ಕೊಳ್ಳಲಿಲ್ಲ. ಆಮೇಲೆ ಅದಕ್ಕೆ ನಡು ಸಣ್ಣ, ಸೊಂಟ ಅಗಲವಿರುವ ಹೊಸ ಮೈಕಟ್ಟು ಕೊಟ್ಟರು. ಕಂಪನಿಯವರೇ ನಾಚುವಷ್ಟು ಮಾರಾಟವಾಯಿತು.

“ಆದರೆ ಆ ಚೆಂದದ ಮೂತಿಯೇ ರೇಸಿನಲ್ಲಿ ಶತ್ರು” ಎಂದ ಗ್ಲೆನ್. ಒಳಗೆ ಸರಿದ ಜಾಲರಿಯಲ್ಲಿ ಗಾಳಿ ಸಿಕ್ಕಿ ಹಿಂದಕ್ಕೆ ಜಗ್ಗುತ್ತಿತ್ತಂತೆ. ಅದಕ್ಕೆ ರೇಸಿನವರಿಗಾಗಿ ಮುಂದೆ ಹಕ್ಕಿಯ ಕೊಕ್ಕು, ಹಿಂದೆ ಬಟ್ಟೆ ಒಣಹಾಕುವ ಗಳುವಿನಂಥ ಎತ್ತರದ ರೆಕ್ಕೆ ಕೂರಿಸಿದ ಕೆಲವೇ ಕಾರು ಮಾಡಿದರು. ಆಗ ಜನ ಅದನ್ನು ನೋಡಿ ನಕ್ಕರು. ಈಗ ಅದೇ ರೆಕ್ಕೆಗೆ ಸಂಗ್ರಹಕಾರರು ಸಾಲು ನಿಲ್ಲುತ್ತಾರೆ. ಪೈಲ್ವಾನರ ಕಾಲ ಹೆಚ್ಚು ದಿನ ನಡೆಯಲಿಲ್ಲ. ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, ಪೆಟ್ರೋಲಿಗೆ ಬರ ಬಂತು. ಹಾಲು ಬಾದಾಮಿ ನಿಂತರೆ ಪೈಲ್ವಾನನ ಗತಿಯೇನು? ರೋಸಾಳಂಥ ಲ್ಯಾಬಿನ ಕೆಲಸದವರಿಗೂ ಸಿಗುವಷ್ಟು ಅಗ್ಗವಾಗಿ, ಬೀದಿ ಬದಿಯಲ್ಲಿ ಮಾರಾಟಕ್ಕೆ ನಿಂತವು. ಕೆಲವನ್ನು ಸಿನಿಮಾದವರು ಹಾರಿಸಿ ಕೆಡವಿದರು, ಕೆಲವನ್ನು ತುಕ್ಕು ತಿಂದಿತು. ಉಳಿದವಕ್ಕೆ ಈಗ ದೇವರ ಪಟ್ಟ. ಆ ಕಾಲದಲ್ಲಿ ಹುಡುಗರಾಗಿದ್ದವರು ಈಗ ಮೊಣಕಾಲು ನೋವಿನವರಾಗಿ, ಆಗ ಕೊಳ್ಳಲಾಗದ್ದನ್ನು ಈಗ ಕೊಳ್ಳುತ್ತಿದ್ದಾರೆ. ಹತ್ತಲು ಇಳಿಯಲು ಮಾತ್ರ ಯಾರಾದರೂ ಕೈ ಹಿಡಿಯಬೇಕು.

ಒಂದು ಭಾನುವಾರ ಲಾಸ್ ಗ್ಯಾಟೋಸ್‌ನ ಒಂದು ಪಾರ್ಕಿಂಗ್ ಜಾಗದಲ್ಲಿ, ಕಾಫಿ ಕುಡಿಯುತ್ತ ಕಾರು ನೋಡುವ ಅವರ ಕೂಟಕ್ಕೆ ನಮ್ಮನ್ನು ಕರೆದರು. ವಿಮಲ ಮೈಸೂರು ರೇಷ್ಮೆ ಉಟ್ಟಳು. ಕಾರಿಗೆ ಮ್ಯಾಚಿಂಗ್ ಅಂತೆ. ಅಲ್ಲಿಗೆ ಬಂದವರೆಲ್ಲ ಬಾನೆಟ್ಟಿನೊಳಗೆ ತಲೆ ಹಾಕಿ ಒಂದೇ ಪ್ರಶ್ನೆ ಕೇಳಿದರು, “ನಂಬರು ಮ್ಯಾಚ್ ಆಗುತ್ತಾ?” ಇಂಜಿನ್ನಿನ ಮೇಲೆ ಕೊರೆದ ನಂಬರು, ಕಾರಿನ ಮೈಮೇಲಿನ ನಂಬರು ಎರಡೂ ಹೊಂದಿದರೆ ಹುಟ್ಟಿನಿಂದ ಜೊತೆಗಿದ್ದ ಜೋಡಿ ಎಂದರ್ಥ. ಹೊಂದದಿದ್ದರೆ ಮಧ್ಯೆ ಎಲ್ಲೋ ಇಂಜಿನ್ನು ಬದಲಾಗಿದೆ, ಮರ್ಯಾದೆ ಅರ್ಧ ಕಡಿಮೆ. ನಮ್ಮದು ಹೊಂದುವುದಿಲ್ಲ. ಅದೇ ಕಂಪನಿಯ ಇನ್ಯಾವುದೋ ಕಾರಿನ ಇಂಜಿನ್ನು ನಮ್ಮ ಚಾರ್ಜರಿನ ಹೊಟ್ಟೆಯಲ್ಲಿದೆ. ಕೇಳಿದವರು ‘ಅಯ್ಯೋ ಪಾಪ’ ಎಂಬ ಮುಖ ಮಾಡಿ ಪಕ್ಕದ ಕಾರಿಗೆ ಸರಿದರು.

“ನೋಡಿದ್ಯಾ, ಜಾತಕ ನೋಡದೆ ತಂದ್ರೆ ಹೀಗೇ” ಎಂದು ವಿಮಲಳ ಕಿವಿಯಲ್ಲಿ ಹೇಳಿದೆ.

“ನಮ್ಮಿಬ್ಬರದು ಎಷ್ಟು ಹೊಂದಿತ್ತು ಹೇಳಿ? ನಮ್ಮಪ್ಪ ಜೋಯಿಸರಿಗೆ ಎರಡು ಸಲ ಬಾಳೆಗೊನೆ ಕಳಿಸಿದ ಮೇಲೇ ಗುಣ ಜಾಸ್ತಿಯಾಗಿದ್ದು. ಓಡ್ತಾ ಇಲ್ವಾ?”

“ಓಡ್ತಾ ಇದೆ.”

“ಸದ್ದು ಜಾಸ್ತಿ, ಅಷ್ಟೇ” ಎಂದಳು. ಯಾರನ್ನು ಕುರಿತು ಹೇಳಿದಳೋ ನಾನು ಕೇಳಲಿಲ್ಲ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಕಾರು ಗ್ಯಾರೇಜಿನಲ್ಲಿ ಹಿಡಿಸಲಿಲ್ಲ. ಮೂತಿ ನನ್ನ ಶೆಲ್ಫಿಗೆ ತಾಗುವವರೆಗೆ ತಂದರೂ ಬಾಗಿಲು ಮುಚ್ಚಲು ಒಂದು ಗೇಣು ಸಾಲದು. ಹೊರಗೆ ನಿಲ್ಲಿಸೋಣವೆಂದರೆ ನಮ್ಮ ಕಾಲೊನಿಯ ಸಂಘದ ಕಣ್ಣಿಗೆ ಹಳೆಯ ಗಾಡಿ ಬೀಳುವಂತಿಲ್ಲ. ಸಂಘದ ಹೆಂಗಸು ಬಂದು, ದೀಪಾವಳಿಯವರೆಗೆ ಬೇಕಾದರೆ ಹೊದಿಕೆ ಹಾಕಿ ನಿಲ್ಲಿಸಿಕೊಳ್ಳಿ, ಆಮೇಲೆ ಒಳಗಿರಬೇಕು, ಇಲ್ಲವೇ ಇರಬಾರದು ಎಂದು ನಗುನಗುತ್ತಲೇ ಹೇಳಿ ಹೋದಳು. ಒಳಗಿರಬೇಕಾದರೆ ನನ್ನ ಶೆಲ್ಫು ಹೋಗಬೇಕು. ‘ಬೇಕಾಗಬಹುದು’ ಹೋಗಬೇಕು, ‘ಇನ್ನಷ್ಟು’ ಕೂಡ.

ನಾನು ಷರತ್ತು ಹಾಕಿದೆ. ಷರತ್ತಿಲ್ಲದೆ ನನ್ನಿಂದ ಹಲ್ಲುಜ್ಜಲೂ ಆಗುವುದಿಲ್ಲ ಎನ್ನುವುದು ವಿಮಲಳ ಅಭಿಪ್ರಾಯ. “ದೀಪಾವಳಿವರೆಗೆ ಓಡ್ಸು. ಒಂದೇ ಒಂದು ಸಲ ದಾರೀಲಿ ನಿಂತ್ರೂ ಸರಿ, ವಾಪಸ್ ಗ್ಲೆನ್ ಮನೆಗೆ. ಎಲ್ಲೂ ನಿಲ್ಲದಿದ್ರೆ ಶೆಲ್ಫು ನಾನೇ ಬಿಚ್ತೀನಿ.”

ಬೇಡವಾದರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಗ್ಲೆನ್ ಮೊದಲೇ ಹೇಳಿದ್ದ. ವಿಮಲ ಕಾರಿನ ಕಡೆ ಒಮ್ಮೆ ನೋಡಿ, “ಆಯ್ತು” ಎಂದಳು. ಇಷ್ಟು ಸುಲಭಕ್ಕೆ ಒಪ್ಪಿಕೊಂಡದ್ದು ನನಗೆ ಅನುಮಾನ ತಂದಿತು. ಮಗಳು ಫೋನಿನಲ್ಲಿ, “ಅಪ್ಪಾ, ಅಮ್ಮ ಇಷ್ಟು ವರ್ಷದಲ್ಲಿ ಏನಾದ್ರೂ ಕೇಳಿದಾಳಾ? ಆ ಡಬ್ಬದಲ್ಲಿ ಏನಿದೆ ಅಂತ ನಿನಗಾದ್ರೂ ಗೊತ್ತಾ?” ಎಂದಳು. ಹಿಂದಿನಿಂದ ಮೊಮ್ಮಗಳ ದನಿ, “ಅಜ್ಜೀಸ್ ಕಾರ್ ಈಸ್ ಸೋ ಕೂಲ್.” ನಾನು ಫೋನಿಟ್ಟೆ.

ವಾರಗಳು ಕಳೆದವು. ಕಾರು ನಿಲ್ಲಲಿಲ್ಲ. ಭಾನುವಾರಗಳಂದು ವಿಮಲ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಓಡಿಸುವಳು, ನಾನು ಪಕ್ಕದಲ್ಲಿ ಕೂತು ರಸ್ತೆಯ ನಿಯಮ ಹೇಳುವೆನು. ಅವಳು ಗುನುಗುವಳು. ನಲವತ್ತು ಚಿಲ್ಲರೆ ವರ್ಷ ಜೊತೆಗಿದ್ದರೂ ಅವಳು ಸ್ಟಿಯರಿಂಗ್ ಹಿಡಿದಾಗ ಗುನುಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಬ್ಯಾಟರಿ ಕಾರಿನಲ್ಲಿ ಅವಳು ಗುನುಗುವುದಿಲ್ಲ. ಚಾರ್ಜರಿನ ಎರಡು ದೋಷ ಮಾತ್ರ ನಾನು ಪತ್ತೆ ಮಾಡಿದ್ದೆ. ಒಂದು, ಅದರ ಎಡಗಣ್ಣು ಸೋಮಾರಿ. ದೀಪ ಹಾಕಿದಾಗ ಬಲಗಣ್ಣು ತಟ್ಟನೆ ತೆರೆದರೆ ಎಡಗಣ್ಣು ನಿಧಾನ, ಆರಿಸಿದಾಗ ಮುಚ್ಚುವುದೂ ನಿಧಾನ. ಇನ್ನೊಂದು, ಪೆಟ್ರೋಲಿನ ಮುಳ್ಳು ಸದಾ ಅರ್ಧದಲ್ಲೇ ನಿಂತಿರುತ್ತದೆ. “ಅದನ್ನ ನಂಬಬೇಡಿ, ಅದು ಆಶಾವಾದಿ” ಎಂದು ಗ್ಲೆನ್ ಎಚ್ಚರಿಸಿದ್ದ. ನಾನು ನಕ್ಕಿದ್ದೆ. ನಕ್ಕಿದ್ದಷ್ಟೇ.

ಕಾರಿನ ಹೊದಿಕೆ ಹಾಕುವುದು, ಗಾಜು ಒರೆಸುವುದು, ಟೈರಿನ ಗಾಳಿ ನೋಡುವುದು, ಎಲ್ಲ ನನ್ನ ಪಾಳಿ. ಗಾಡಿಯ ವಿಷಯ ಯಾವತ್ತೂ ನನ್ನದೇ ಖಾತೆ. ಚಿಕ್ಕಂದಿನಿಂದಲೂ ಹಾಗೇ. ಮಂಡ್ಯದಲ್ಲಿ ನಮ್ಮ ಹಾಸ್ಟೆಲಿನ ಬೀದಿಯ ಡಾಕ್ಟರ ಹತ್ತಿರ ಒಂದು ದೊಡ್ಡ ಅಮೆರಿಕನ್ ಕಾರಿತ್ತು, ಆನೆಯ ಬಣ್ಣದ್ದು. ಡಾಕ್ಟರು ಅದರಲ್ಲಿ ಓಡಾಡಿದ್ದಕ್ಕಿಂತ ಊರ ಮದುಮಕ್ಕಳು ಓಡಾಡಿದ್ದು ಹೆಚ್ಚು. ಮದುವೆಯ ಮೆರವಣಿಗೆಗೆ ಎಲ್ಲರಿಗೂ ಅದೇ ಬೇಕು. ಹೂವಿನ ಜಾಲರಿ ಹೊದಿಸಿ, ಒಳಗೆ ಮದುಮಗನನ್ನು ಕೂರಿಸಿ, ಮುಂದೆ ಬ್ಯಾಂಡು ಬಿಟ್ಟರೆ, ಕಾರು ಸರಿಯಾಗಿ ಪೇಟೆಬೀದಿಯ ನಡುವೆ ನಿಂತುಬಿಡುವುದು. ಬ್ಯಾಂಡಿನವರು ಮಾತ್ರ ಊದುತ್ತ ಮುಂದೆ ಹೋಗಿಬಿಡುವರು. ಆಗ ನಮ್ಮ ಕರೆ. ಹತ್ತು ಹುಡುಗರು ಹಿಂದೆ ನಿಂತು ತಳ್ಳಬೇಕು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಳ್ಳಿದರೆ ಕಾರು ಕದಲುವುದಿಲ್ಲ ಎಂಬುದನ್ನು ನಾನೇ ಕಂಡುಹಿಡಿದೆ. ಎತ್ತರದವರು ನಡುವೆ, ಗಿಡ್ಡವರು ಅಂಚಿಗೆ, ನಾನು ‘ಐಸಾ’ ಅಂದಾಗ ಮಾತ್ರ ಬಲ. ನನ್ನ ಜೀವನದ ಮೊದಲ ಆಡಳಿತ ಅದೇ. ಬ್ಯಾಂಡನ್ನು ಹಿಂದಿನಿಂದ ಹಿಡಿದಾಗ ಡಾಕ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ ಪೆಪ್ಪರಮೆಂಟು ಹಂಚುವರು. ಅದರ ರುಚಿಯಲ್ಲಿ ಪೆಟ್ರೋಲಿನ ವಾಸನೆಯೂ ಸೇರಿರುತ್ತಿತ್ತು.

ದೀಪಾವಳಿಗೆ ಇನ್ನೇನು ಕೆಲವೇ ದಿನ. ಮಾಲಿನಿಗೆ ಹಬ್ಬದ ಸೀರೆ ತರಲು ಹೋಗಿ ವಾಪಸಾಗುತ್ತಿದ್ದೆವು. ನಮ್ಮ ಬೀದಿಯ ತಿರುವಿನ ಹತ್ತಿರ, ವಾಕಿಂಗಿನಲ್ಲಿ ವಿಮಲ ನನ್ನನ್ನು ಬಂದು ಸೇರುವ ಅದೇ ತಿರುವಿನಲ್ಲಿ, ಕಾರು ಎರಡು ಸಲ ಕೆಮ್ಮಿತು. ಮೂರನೆಯ ಸಲ ಕೆಮ್ಮಲಿಲ್ಲ. ವಿಮಲ ಅದನ್ನು ಹೇಗೋ ಬದಿಗೆ ತಂದು ನಿಲ್ಲಿಸಿದಳು. ಕೀ ತಿರುಗಿಸಿದಳು. ಇಂಜಿನ್ನು ಗರಗರ ಎಂದು ತಿರುಗಿ ಸುಮ್ಮನಾಯಿತು.

 

ವಿಮಲ ಸ್ಕಾರ್ಫಿನ ಗಂಟು ಬಿಚ್ಚಿ, ಅದನ್ನು ಮಡಿಸಿ, ತೊಡೆಯ ಮೇಲಿಟ್ಟುಕೊಂಡಳು. “ನಿಂತಿತು” ಎಂದಳು. “ನಾಳೆ ಗ್ಲೆನ್‌ಗೆ ಫೋನ್ ಮಾಡ್ತೀನಿ.”

ಗೆದ್ದವನಿಗೆ ಇರಬೇಕಾದ ಸಂತೋಷ ನನಗೆ ಆಗಲಿಲ್ಲ. ಸ್ಕಾರ್ಫನ್ನು ಅಷ್ಟು ಅಚ್ಚುಕಟ್ಟಾಗಿ ಮಡಿಸಬಾರದಿತ್ತು ಅವಳು.

ಅಷ್ಟರಲ್ಲಿ ಪಕ್ಕದ ಮನೆಯ ಶಿವಣ್ಣ ನಾಯಿ ಹಿಡಿದುಕೊಂಡು ಬಂದ. ಹಾಸನದ ಕಡೆಯವನು, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ. “ಏನ್ ಅಂಕಲ್, ಕೈಕೊಡ್ತಾ?” ಎಂದ.

“ಕೈಕೊಡ್ತು. ಮನೆವರೆಗೆ ತಳ್ಳಬೇಕು.”

“ಟೋ ಟ್ರಕ್ ಕರೆಸೋಣ ಬಿಡಿ.”

“ಕಾಣ್ತಾ ಇರೋ ಮನೆಗೆ ಟೋ ಟ್ರಕ್ಕಾ? ಹಾಸನದಲ್ಲಿ ಗಾಡಿ ತಳ್ಳಿಲ್ವಾ ನೀನು?”

ಶಿವಣ್ಣ ನಾಯಿಯನ್ನು ಬೇಲಿಗೆ ಕಟ್ಟಿದ. ಫೋನಿನಲ್ಲಿ ಏನೋ ಒತ್ತಿದ. ಎರಡೇ ನಿಮಿಷದಲ್ಲಿ ಬೀದಿಯ ಆಚೀಚೆಯಿಂದ ಚಪ್ಪಲಿ ಮೆಟ್ಟಿಕೊಂಡೇ ಐದಾರು ಜನ ಬಂದರು. ಭಾನುವಾರದ ಚಡ್ಡಿ, ಕಂಪನಿಯ ಟೀ ಶರ್ಟು. ಎಲ್ಲರೂ ತಮ್ಮ ತಮ್ಮ ಇಷ್ಟಕ್ಕೆ ತಳ್ಳಲು ಶುರುಮಾಡಿದರು. ಕಾರು ಕದಲಲಿಲ್ಲ.

“ಕೈ ತೆಗೀರಿ” ಅಂದೆ. “ಎತ್ತರದವರು ನಡುವೆ. ಶಿವಣ್ಣ, ನೀನು ಬಲತುದಿ. ನಾನು ಐಸಾ ಅಂದಾಗ ಮಾತ್ರ ಬಲ ಹಾಕಿ.”

“ಅಂಕಲ್, ಇದು ನಮ್ಮ ಆಫೀಸಿನ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ಥರ ಆಯ್ತಲ್ಲ” ಎಂದ ಒಬ್ಬ.

“ಮಾತು ಸಾಕು. ಐಸಾ.”

ಕಾರು ಕದಲಿತು. ಇನ್ನೊಂದು ಐಸಾಕ್ಕೆ ಚಕ್ರ ಪೂರ್ತಿ ಉರುಳಿತು. ಆಮೇಲೆ ನಾನು ಹೇಳುವ ಮೊದಲೇ ಅವರೇ ಕೂಗತೊಡಗಿದರು. ಎದುರು ಮನೆಯ ಚೀನೀ ಅಜ್ಜ ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ಬಂದು ಒಂದು ಕೈ ಹಚ್ಚಿದ. ಅವನ ‘ಐಸಾ’ ನಮ್ಮೆಲ್ಲರದಕ್ಕಿಂತ ಸ್ಪಷ್ಟವಾಗಿತ್ತು. ನನ್ನ ಹಣೆ ಕಾರಿನ ಹಿಂಗಾಜಿಗೆ ತಾಗುವಷ್ಟು ಹತ್ತಿರವಿತ್ತು. ಗಾಜಿನಾಚೆ ವಿಮಲಳ ತುರುಬು. ಅವಳು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದಳು. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೇನೋ ಎಂದು ಒಂದು ಗಳಿಗೆ ನನ್ನ ಕೈ ಸಡಿಲವಾಯಿತು. ಕನ್ನಡಿಯಲ್ಲಿ ಮುಖ ಕಂಡಿತು. ನಗುತ್ತಿದ್ದಳು. ಪೇಟೆಬೀದಿಯಲ್ಲಿ ಡಾಕ್ಟರ ಕಾರು ತಳ್ಳುತ್ತಿದ್ದ ದಿನಗಳಲ್ಲಿ ಒಳಗೆ ಕೂತ ಯಾವ ಮದುಮಗನೂ ಹೀಗೆ ನಕ್ಕಿದ್ದು ನಾನು ಕಂಡಿರಲಿಲ್ಲ.

ನಮ್ಮ ಮನೆಯ ಮುಂದೆ ಕಾರು ನಿಂತಿತು. ಎಲ್ಲರೂ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿರುವಾಗ ಶಿವಣ್ಣ ಕೇಳಿದ, “ಅಂಕಲ್, ಇದಕ್ಕೆ ಪೆಟ್ರೋಲ್ ಯಾವಾಗ ಹಾಕ್ಸಿದ್ರಿ?”

‘ಯಾವ ಪೆಟ್ರೋಲು?’ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಬರಲು ಕಾರಣವಿದೆ. ನಮ್ಮ ಮನೆಯವರು ಬಂಕಿಗೆ ಹೋಗಿ ವರ್ಷಗಳಾಗಿವೆ. ಗ್ಲೆನ್ ಕಾರು ತಂದುಕೊಟ್ಟಾಗ ಟ್ಯಾಂಕು ತುಂಬಿಸಿದ್ದ. ಅಂದಿನಿಂದ ನಾನು ಪ್ರತಿ ಸಂಜೆ ಅದನ್ನು ಒರೆಸಿದ್ದೇನೆ, ಹೊದಿಸಿದ್ದೇನೆ. ಆಮೇಲೆ ಒಳಗೆ ಹೋಗಿ, ಗಾಡಿಗಳ ಕೆಲಸ ಮುಗಿಯಿತೆಂಬ ತೃಪ್ತಿಯಿಂದ, ಬಲಗೋಡೆಯ ವೈರನ್ನು ಬ್ಯಾಟರಿ ಕಾರಿಗೆ ಸಿಕ್ಕಿಸಿ ಮಲಗಿದ್ದೇನೆ. ಮನೆಯ ಗಾಡಿಗೆ ಊಟವಾಯಿತು ಎಂದು ನನ್ನ ಕೈಗೆ ಅನ್ನಿಸಿಬಿಡುತ್ತಿತ್ತು.

“ಹಾಕ್ಸಿಲ್ಲ” ಅಂದೆ.

“ಒಂದ್ ಸಲಾನೂ?”

“ಮುಳ್ಳು ಅರ್ಧದಲ್ಲಿತ್ತಪ್ಪ.”

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಶಿವಣ್ಣ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿ, “ಹೋಗ್ಲಿ ಬಿಡಿ, ಸ್ವಲ್ಪ ತಂದು ಹಾಕೋಣ ಅಂದ್ರೆ ನಮ್ಮ ಬೀದೀಲಿ ಯಾರ ಮನೇಲೂ ಒಂದು ತೊಟ್ಟು ಪೆಟ್ರೋಲಿಲ್ಲ. ಎಲ್ಲಾರ್ದೂ ಚಾರ್ಜರ್ರೇ” ಎಂದ. ತನ್ನ ಬ್ಯಾಟರಿ ಕಾರಿನಲ್ಲಿ ಹೋಗಿ ಒಂದು ಡಬ್ಬಿ ತರುತ್ತೇನೆಂದು ಹೊರಟ. ಉಳಿದವರು ಚಪ್ಪಲಿ ಎಳೆಯುತ್ತ ಚದುರಿದರು. ತಿರುವಿನಾಚೆಗೆ ಹೋದ ಮೇಲೆ ಅವರ ನಗು ಕೇಳಿಸಿತು.

ವಿಮಲ ಕಾರಿನಿಂದ ಇಳಿದು, ಬಾಗಿಲು ಮೆಲ್ಲಗೆ ಒತ್ತಿ ಮುಚ್ಚಿದಳು. ಕೈಚೀಲದಿಂದ ಫೋನು ತೆಗೆದಳು.

“ಯಾರಿಗೆ?”

“ಗ್ಲೆನ್‌ಗೆ. ನಾಳೆ ಯಾಕೆ, ಈಗ್ಲೇ ಹೇಳ್ಬಿಡ್ತೀನಿ. ದಾರೀಲಿ ಒಂದೇ ಒಂದು ಸಲ ನಿಂತ್ರೂ ಅಂದಿದ್ರಿ. ನಿಂತಿತಲ್ಲ.”

“ಕೆಟ್ಟು ನಿಂತರೆ ಅಂತ ನನ್ನ ಅರ್ಥ. ಹಸಿದು ನಿಂತಿದ್ದು ಲೆಕ್ಕಕ್ಕಿಲ್ಲ.”

“ಹಾಗಂತ ನೀವು ಹೇಳಿರಲಿಲ್ಲ.”

“ಈಗ ಹೇಳ್ತಾ ಇದೀನಲ್ಲ.”

“ಷರತ್ತನ್ನ ನಡುವೆ ಬದಲಾಯಿಸಬಾರದು ಅಂತ ನೀವೇ ಹೇಳೋದು. ನಿಮ್ಮ ಹಾಸ್ಟೆಲಲ್ಲಿ ಹಾಗೆ ನಡೀತಿತ್ತಾ?” ಫೋನು ಅವಳ ಕೈಯಲ್ಲೇ ಇತ್ತು. ಅವಳ ಬೆರಳು ಒತ್ತಲೂ ಇಲ್ಲ, ಫೋನು ಚೀಲಕ್ಕೆ ಹೋಗಲೂ ಇಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ತಮಾಷೆ ಕಣ್ಣಿನಲ್ಲಿ ಅರ್ಧವೇ ಇತ್ತು.

“ಹಾಸ್ಟೆಲಲ್ಲಿ ಅಡುಗೆಯವನು ಮಲಗಿಬಿಟ್ರೆ ಹುಡುಗರಿಗೆ ಶಿಕ್ಷೆ ಕೊಡ್ತಿರಲಿಲ್ಲ” ಅಂದೆ.

“ಯಾರಿಗೆ ಕೊಡ್ತಿದ್ರು?”

“ಸ್ಟೂಲು ತಂದು ಹಿಡ್ಕೊ. ಮೇಲಿನ ಡಬ್ಬ ಇಳಿಸಬೇಕು.”

ಫೋನು ಚೀಲಕ್ಕೆ ಹೋದ ಸದ್ದು ನನಗೆ ಬೆನ್ನ ಹಿಂದೆಯೇ ಕೇಳಿಸಿತು.

ಶೆಲ್ಫು ಬಿಚ್ಚಲು ಸಂಜೆಯವರೆಗೆ ಹಿಡಿಯಿತು. ಎಷ್ಟೆಂದರೂ ನಾನು ಕಟ್ಟಿದ್ದು. ಡಬ್ಬಗಳನ್ನು ಮಾಲಿನಿಯ ಹಳೆಯ ಕೋಣೆಗೆ ಸಾಗಿಸಿದೆವು. ‘ಬೇಕಾಗಬಹುದು’ ತೆರೆದು ನೋಡಿದಾಗ ಅದರಲ್ಲಿ ಖಾಲಿ ಡಬ್ಬಗಳು ಒಂದರೊಳಗೊಂದು ಕೂತಿದ್ದವು. ವಿಮಲ ಮುಚ್ಚಳ ಹಾಕಿದಳು. ‘ಇನ್ನಷ್ಟು’ ತೆರೆಯುವ ಧೈರ್ಯ ನಾನು ಮಾಡಲಿಲ್ಲ.

ಶಿವಣ್ಣ ತಂದ ಪೆಟ್ರೋಲು ಕುಡಿದು ಚಾರ್ಜರ್ ಗುಡುಗಿ ಎದ್ದಿತು. ವಿಮಲ ಅದನ್ನು ಒಂದು ಸುತ್ತು ತಿರುಗಿಸಿ, ಮೂತಿ ಹೊರಗೆ ಬರುವಂತೆ ಹಿಂದಕ್ಕೆ ನಡೆಸುತ್ತ ಒಳಗೆ ತಂದಳು. ನಾನು ಗೋಡೆಗೆ ತಾಗದಂತೆ ಕೈ ತೋರಿಸುತ್ತ ನಿಂತೆ. ಬಾಗಿಲು ಕೆಳಗಿಳಿದು ನೆಲ ಮುಟ್ಟಿತು. ಒಂದು ಗೇಣು ಉಳಿಯಿತು ಕೂಡ. ಅವಳು ಕಾರಿನ ದೀಪ ಆರಿಸಿ ಇಳಿದು, ಕೀಲಿಕೈಯನ್ನು ಆ ದೊಡ್ಡ ಕೊಕ್ಕೆಗೆ ಸಿಕ್ಕಿಸಿ, ಕೆಳಗಿನ ಚೀಟಿಯನ್ನು ಓದಿ, “ಸ್ಪೆಲಿಂಗು ಸರಿಯಾಗಿದೆ” ಎಂದು ಹೇಳಿ ಒಳಗೆ ಹೋದಳು. ಹಾಲಿಗೆ ಹೆಪ್ಪು ಹಾಕುವ ಹೊತ್ತಾಗಿತ್ತು.

ಗ್ಯಾರೇಜಿನ ದೀಪ ಆರಿಸುವುದು ನನ್ನ ಪಾಳಿ. ದೊಡ್ಡ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಿಂತಿರುಗಿ ನೋಡಿದೆ. ಚಾರ್ಜರಿನ ಬಲಗಣ್ಣು ಆಗಲೇ ಮುಚ್ಚಿತ್ತು. ಎಡಗಣ್ಣು ಇನ್ನೂ ಅರ್ಧ ತೆರೆದು ನನ್ನನ್ನೇ ನೋಡುತ್ತಿತ್ತು.

“ಏನ್ರೀ ಮಾಡ್ತಿದೀರಾ ಅಲ್ಲಿ?” ಅಡುಗೆಮನೆಯಿಂದ ವಿಮಲಳ ದನಿ ಬಂತು.

“ಬಂದೆ ಇರು” ಅಂದೆ. ಅದು ನಿಧಾನವಾಗಿ ಮುಚ್ಚಿಕೊಳ್ಳುವವರೆಗೂ ಸ್ವಿಚ್ಚು ಒತ್ತದೆ ನಿಂತಿದ್ದೆ.